ಹಿಂದಿನ ಗಾಜಿನ ಮೇಲೆ ಬೀಜಗಣಿತ

ಬಂದಿಳಿದದ್ದು

ದೋಹಾದಲ್ಲಿ ನಾನು ಮೊದಲು ಅಪ್ಪಿಕೊಂಡದ್ದು ನನ್ನ ತಂಗಿಯನ್ನಲ್ಲ. ವಿಮಾನ ನಿಲ್ದಾಣದ ತಂಪಿನಿಂದ ಕಾರುಗಳು ನಿಲ್ಲುವ ಜಾಗಕ್ಕೆ ಕಾಲಿಟ್ಟೆನೋ ಇಲ್ಲವೋ, ಕನ್ನಡಕಕ್ಕೆ ಪೂರ್ತಿ ಮಂಜು ಕವಿಯಿತು. ಆಗಸ್ಟ್ ತಿಂಗಳಲ್ಲಿ ಅಲ್ಲಿನ ಗಾಳಿ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಹಬೆಯ ಹಾಗಿರುತ್ತದೆ. ಆ ಮಂಜಿನೊಳಗೆ ನನ್ನ ತಂಗಿಯಷ್ಟೇ ಎತ್ತರದ, ಅವಳ ಹಾಗೇ ಚೂಡಿದಾರ ತೊಟ್ಟ ಹೆಂಗಸೊಬ್ಬಳು ಕಂಡಳು. "ನಂದೂ" ಎಂದು ಹೋಗಿ ತಬ್ಬಿಕೊಂಡೆ. ಪಾಪ, ಯಾರೋ ತಮಿಳು ಹೆಣ್ಣುಮಗಳು. ಮುದುಕಿಗೆ ಏನು ಕಷ್ಟ ಬಂತೋ ಅಂದುಕೊಂಡು ಬೆನ್ನು ತಟ್ಟಿ ಸಮಾಧಾನವನ್ನೂ ಮಾಡಿದಳು. ಹಿಂದಿನಿಂದ ನಂದಿನಿಯ ದನಿ ಕೇಳಿತು: "ಅಕ್ಕಾ, ನಾನಿಲ್ಲಿದ್ದೀನಿ ಕಣೇ!"

ಮೈಸೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ನನ್ನ ಜೊತೆಯ ಮೇಡಮ್ಮುಗಳು ವಿದೇಶಕ್ಕೆ ಹೋದರೆ ಬಾಣಂತನಕ್ಕೆ ಹೋಗುತ್ತಾರೆ, ಇಲ್ಲವೇ ಊರು ನೋಡಲು ಹೋಗುತ್ತಾರೆ. ನಾನು ಹೋದದ್ದು ಟ್ಯೂಷನ್ ಹೇಳಲು. ವಿದ್ಯಾರ್ಥಿನಿ ಈ ನನ್ನ ತಂಗಿಯೇ. ವಯಸ್ಸು ನಲವತ್ತು ದಾಟಿದೆ.

ನಂದಿನಿ ಪಿಯುಸಿ ಮುಗಿಸಿ ಮದುವೆಯಾಗಿ ಕತಾರಿಗೆ ಹೋದವಳು. ಗಂಡ ಪ್ರಕಾಶನಿಗೆ ಅಲ್ಲೊಂದು ಕಂಪನಿಯಲ್ಲಿ ಆಫೀಸು ಕೆಲಸ. ಮಗಳು ಇಂಚರ ಹೈಸ್ಕೂಲಿನಲ್ಲಿದ್ದಾಳೆ. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ನಂದಿನಿ ನಜ್ಮಾ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿಗೆ ಸೇರಿಕೊಂಡಳು. ಡಾಕ್ಟರಿಗಿಂತ ಹೆಚ್ಚು ಜನ ಇವಳನ್ನೇ ಕೇಳಿಕೊಂಡು ಬರುತ್ತಾರೆ ಎಂದು ಪ್ರಕಾಶ ರೇಗಿಸುತ್ತಾನೆ. ಈ ವರ್ಷ ಅವಳು ಅಕೌಂಟ್ಸ್ ಡಿಗ್ರಿ ಮಾಡಲೇಬೇಕೆಂದು ಹಟ ಹಿಡಿದಳು. ಸಂಜೆ ಕಾಲೇಜೂ ಸಿಕ್ಕಿತು. ಆದರೆ ಸೇರುವ ಮೊದಲು ಗಣಿತದ ಪ್ಲೇಸ್‌ಮೆಂಟ್ ಪರೀಕ್ಷೆ ಬರೆಯಬೇಕು. ಅದರಲ್ಲಿ ಪಾಸು ಫೇಲು ಅಂತಿಲ್ಲ. ಬಂದ ಅಂಕ ನೋಡಿ ಯಾವ ಕ್ಲಾಸಿನಲ್ಲಿ ಕೂರಿಸಬೇಕೆಂದು ಅವರು ತೀರ್ಮಾನಿಸುತ್ತಾರೆ. ನೂರಕ್ಕೆ ನಲವತ್ತಾರು ಬಂದರೆ ನೇರವಾಗಿ ಸಂಜೆಯ ಡಿಗ್ರಿ. ಕಡಿಮೆಯಾದರೆ ಮೊದಲು ಫೌಂಡೇಶನ್ ಕ್ಲಾಸು. ಅದು ನಡೆಯುವುದು ಬೆಳಗಿನ ಹೊತ್ತು ಮಾತ್ರ, ಕ್ಲಿನಿಕ್ಕಿನ ಸಮಯದಲ್ಲೇ. ಕೆಲಸ ಬಿಡುವ ಮಾತೇ ಇಲ್ಲ ಎಂದು ನಂದಿನಿ ಮೊದಲೇ ಹೇಳಿಬಿಟ್ಟಿದ್ದಳು. ನಲವತ್ತಾರು ಬರದಿದ್ದರೆ ಡಿಗ್ರಿಯ ಆಸೆಯನ್ನು ಅಲ್ಲಿಗೇ ಬಿಡಬೇಕು.

"ಎಸ್ಸೆಸ್ಸೆಲ್ಸಿ ಆದ್ಮೇಲೆ ನಾನು ಲೆಕ್ಕದ ಮುಖ ನೋಡಿಲ್ಲ ಅಕ್ಕಾ. ಇಲ್ಲಿ ಯಾರ ಹತ್ರ ಹೋಗಿ ಕೂತ್ಕೊಳ್ಳಲಿ? ಟ್ಯೂಷನ್ನಿಗೆ ಬರೋರೆಲ್ಲ ಇಂಚರನ ವಯಸ್ಸಿನವರು, ನಾಚಿಕೆಯಾಗತ್ತೆ. ನೀನು ಬಂದ್ಬಿಡು" ಎಂದು ಫೋನಿನಲ್ಲಿ ಅಂದಳು. ನಾನು ಪಾಸ್‌ಪೋರ್ಟು ಹುಡುಕಿದೆ. ನಮ್ಮ ಎದುರುಮನೆಯವರು, "ತಂಗಿಗೆ ಪ್ಲೇಸ್‌ಮೆಂಟಂತೆ, ಯಾವ ಕಂಪನಿ?" ಎಂದು ಕೇಳಿದರು. ಅವರಿಗೆ ವಿವರಿಸುವಷ್ಟು ತಾಳ್ಮೆ ನನಗೆ ಸರ್ವಿಸಿನಲ್ಲಿದ್ದಾಗಲೂ ಇರಲಿಲ್ಲ.

ಅಲ್ ಥುಮಾಮಾ, ಊಟದ ಮೇಜು

ತಂಗಿಯ ಫ್ಲಾಟು ಅಲ್ ಥುಮಾಮಾದಲ್ಲಿ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಎಲ್ಲರೂ ನಮ್ಮ ಸೋಮವಾರದ ಮುಖ ಹೊತ್ತುಕೊಂಡು ಕೆಲಸಕ್ಕೆ ಹೊರಡುತ್ತಾರೆ. ನನಗಿದು ಕೊನೆಯವರೆಗೂ ಒಗ್ಗಲಿಲ್ಲ. ಗುರುವಾರ ಬಂದರೆ ಇಡೀ ಊರಿಗೆ ಹುರುಪು, ನನಗೆ ಮಾತ್ರ ರಾಯರ ವಾರ.

ಮೊದಲ ಶುಕ್ರವಾರ ಬಿಸಿಬೇಳೆಬಾತ್ ಉಂಡು ಎಲ್ಲರೂ ಊಟದ ಮೇಜಿಗೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಕಾಲೇಜಿನವರ ಕ್ರಮ ಹೀಗಿತ್ತು: ಮೊದಲು ಮನೆಯಲ್ಲೇ ಒಂದು ಅಭ್ಯಾಸ ಪರೀಕ್ಷೆ ಬರೆಯಬೇಕು. ಅದನ್ನು ನೋಡಿ ಯಂತ್ರವು ನಮಗೆ ಯಾವುದು ಬರುವುದಿಲ್ಲವೋ ಆ ಪಾಠಗಳನ್ನು ತೆರೆದು ಕಲಿಸುತ್ತದೆ. ಆಮೇಲೆ ನಿಜವಾದ ಪರೀಕ್ಷೆ, ಕಾಲೇಜಿನಲ್ಲಿ, ಕಾವಲಿನವರ ಮುಂದೆ. "ಮನೇಲಿ ಒಂದ್ಸಲ, ಕಾಲೇಜಲ್ಲಿ ಒಂದ್ಸಲ. ಖಲಾಸ್" ಎಂದು ಪ್ರಕಾಶ ನಿಯಮಗಳನ್ನೆಲ್ಲ ಒಂದೇ ಉಸಿರಿಗೆ ಓದಿ ಮುಗಿಸಿದ.

ಮೊದಲ ಲೆಕ್ಕ ನಂದಿನಿಯೇ ಮಾಡಿದಳು. ಎರಡನೆಯದಕ್ಕೆ ತಡವರಿಸಿದಳು. ಪ್ರತಿ ಪ್ರಶ್ನೆಯ ಕೆಳಗೂ ಒಂದು ಗುಂಡಿ ಇತ್ತು. 'ನಾನಿದನ್ನು ಇನ್ನೂ ಕಲಿತಿಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವಳ ಬೆರಳು ಅದರ ಕಡೆ ಸರಿಯಿತು.

"ಮುಟ್ಬೇಡ ಅದನ್ನ!" ಎಂದು ಕಿರುಚಿದೆ.

ನನ್ನದೂ ತಪ್ಪಲ್ಲ. ಪ್ರಶ್ನೆಯ ನಂಬರು ಹಾಕಿ ಏನಾದರೂ ಗೀಚಿ ಬನ್ನಿ, ಖಾಲಿ ಮಾತ್ರ ಬಿಡಬೇಡಿ ಎಂದು ಎಷ್ಟು ತಲೆಮಾರಿನ ಮಕ್ಕಳಿಗೆ ಬೋಧಿಸಿದವಳು! ಮೌಲ್ಯಮಾಪನಕ್ಕೆ ಕೂತಾಗ ಹಾಗೆ ಗೀಚಿದ್ದಕ್ಕೆ ಅರ್ಧ ಅಂಕ ಹಾಕಿದವಳೂ ನಾನೇ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಒಂದು ಗುಂಡಿ ಇರುವ ಪರೀಕ್ಷೆಯನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ಆ ಲೆಕ್ಕವನ್ನು ನಾನೇ ಹೇಳಿಕೊಟ್ಟೆ. ಮುಂದಿನದಕ್ಕೆ ಇಂಚರ ಬಗ್ಗಿದಳು. "ಅಮ್ಮಾ, ದಿಸ್ ಈಸ್ ಸೋ ಈಸಿ. ಕ್ರಾಸ್ ಮಲ್ಟಿಪ್ಲೈ ಮಾಡೋದು, ದಟ್ಸ್ ಇಟ್." ಅದರ ಮುಂದಿನದು ಪ್ರಕಾಶನ ಪಾಲಾಯಿತು. ಮೇಲಿನ ಮಹಡಿಯ ಬಿಜು ಎನ್ನುವ ಮಲಯಾಳಿ ಇಂಜಿನಿಯರು ಡಬ್ಬಿ ಹಿಂದಿರುಗಿಸಲು ಬಂದವನು ಬಾಗಿಲಲ್ಲೇ ನಿಂತು ಪರದೆ ನೋಡಿದ. "ಚೇಚಿ, ಯೇ ವಾಲಾ ಮೇರಾ" ಎಂದ. ಅಕ್ಕಾ, ಈ ಲೆಕ್ಕ ನನ್ನದು ಎಂದು ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. ನಾವು ಸರಿಯುತ್ತರ ಕೊಟ್ಟಷ್ಟೂ ಯಂತ್ರ ಇನ್ನೂ ಕಷ್ಟದ್ದನ್ನು ಕೇಳುತ್ತಿತ್ತು. ಕೇಳಿದಷ್ಟೂ ನಮಗೆ ಹುಮ್ಮಸ್ಸು. ಕೊನೆಕೊನೆಗೆ ನಂದಿನಿಗೆ ಉಳಿದದ್ದು ನಾವು ಹೇಳಿದ್ದನ್ನು ಒತ್ತುವ ಕೆಲಸ, ನಡುವೆ ಎದ್ದು ಹೋಗಿ ಕಾಫಿ ತರುವ ಕೆಲಸ.

ಎಂಬತ್ತಾರು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಪ್ರಕಾಶ ಐಸ್‌ಕ್ರೀಮ್ ತರಿಸಿದ. ಬಿಜು ಎರಡು ಸಲ ಹಾಕಿಸಿಕೊಂಡ.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಮರುದಿನ ನಂದಿನಿ ಓದಲು ಕೂತಾಗ ಯಂತ್ರ ಅವಳನ್ನು ಮಹಾ ಪಂಡಿತೆಯೆಂದು ನಂಬಿಬಿಟ್ಟಿತ್ತು. ಭಿನ್ನರಾಶಿ, ಸಮೀಕರಣ, ಅಪವರ್ತನ ಎಲ್ಲದರ ಮುಂದೆ ಹಸಿರು ಗುರುತು ಬಿದ್ದಿತ್ತು. ಅದೆಲ್ಲ ನಿನಗೆ ಬರುತ್ತದೆ, ಬೇಕಿಲ್ಲ ಎಂದು ಮುಚ್ಚಿಟ್ಟು ತ್ರಿಕೋನಮಿತಿಯ ಪಾಠವೊಂದನ್ನು ಅವಳ ಮುಂದೆ ಹರಡಿತ್ತು. ಕಾಲೇಜಿಗೆ ಫೋನು ಮಾಡಿದಳು. ಮನೆಯ ಪರೀಕ್ಷೆ ಒಂದೇ ಸಲ, ಬದಲಾಯಿಸಲು ಬರುವುದಿಲ್ಲ ಎಂದು ಬಹಳ ನಯವಾಗಿ ಹೇಳಿದರು.

ನಂದಿನಿ ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗಿ ಹುರುಳಿಕಾಯಿ ಸೋಸುತ್ತಾ ಕೂತಳು. ನಾನು ಹಿಂದೆಯೇ ಹೋದೆ. ತಲೆ ಎತ್ತದೆ ಅಂದಳು: "ನೀವೆಲ್ಲ ಪಾಸಾದ್ರಿ ಅಕ್ಕಾ. ಇನ್ನು ನಾನೊಬ್ಬಳು ಉಳ್ಕೊಂಡಿದ್ದೀನಿ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳ ಪಕ್ಕ ಕೂತು ಒಂದು ಹಿಡಿ ಹುರುಳಿಕಾಯಿ ಎಳೆದುಕೊಂಡೆ.

ದೋಹಾ ಅಲ್ ಜದೀದಾ, ಚಹಾ ಅಂಗಡಿಯ ಮುಂದೆ

ದೋಹಾದವರ ಬದುಕಿನ ಅರ್ಧ ಭಾಗ ಕಾರಿನಲ್ಲೇ ಕಳೆಯುತ್ತದೆ. ಕಾರಿನಲ್ಲಿ ತಿನ್ನುತ್ತಾರೆ, ಜಗಳವಾಡುತ್ತಾರೆ, ನಿದ್ದೆ ಮಾಡುತ್ತಾರೆ, ಮಕ್ಕಳಿಗೆ ಶ್ಲೋಕ ಹೇಳಿಸುತ್ತಾರೆ. ಸಂಜೆ ಕ್ಲಿನಿಕ್ ಮುಗಿಸಿದ ನಂದಿನಿ, ಇಂಚರನನ್ನು ದೋಹಾ ಅಲ್ ಜದೀದಾದ ಒಂದು ಕಟ್ಟಡದಲ್ಲಿ ಭರತನಾಟ್ಯದ ಕ್ಲಾಸಿಗೆ ಬಿಟ್ಟು ಕೆಳಗೆ ಕಾಯುವುದು ರೂಢಿ. ಆ ಹೊತ್ತೇ ನಮ್ಮ ಪಾಠದ ಹೊತ್ತಾಯಿತು. ಉಳಿದ ವೇಳೆಯಲ್ಲಿ ಮನೆ, ಕೆಲಸ, ಯಾರಾದರೊಬ್ಬರು ಅತಿಥಿಗಳು. ಪರೀಕ್ಷೆಗೆ ಎರಡು ವಾರವೂ ಉಳಿದಿರಲಿಲ್ಲ.

ಕಾರು ನಿಲ್ಲಿಸುತ್ತಿದ್ದದ್ದು ಒಂದು ಚಹಾ ಅಂಗಡಿಯ ಮುಂದೆ. ಅಲ್ಲಿಗೆ ಬರುವವರು ಯಾರೂ ಕಾರಿನಿಂದ ಇಳಿಯುವುದಿಲ್ಲ. ಬರುತ್ತಾರೆ, ಹಾರ್ನ್ ಹೊಡೆಯುತ್ತಾರೆ, ಒಳಗಿಂದ ಒಬ್ಬ ಓಡಿ ಬರುತ್ತಾನೆ, ಕಿಟಕಿ ಒಂದು ಗೇಣು ಇಳಿಯುತ್ತದೆ, ಏಲಕ್ಕಿ ಹಾಕಿ ಕುದಿಸಿದ ಗಟ್ಟಿ 'ಕರಕ್' ಚಹಾದ ಕಾಗದದ ಲೋಟ ಒಳಗೆ ಹೋಗುತ್ತದೆ. ಮೊದಲ ದಿನ ನನಗೆ ಮೈ ಉರಿಯಿತು. ನಮ್ಮ ಶಾಲೆಯ ಗೇಟಿನ ಮುಂದೆ ಹಾರ್ನ್ ಹೊಡೆದ ಆಟೋದವರನ್ನೆಲ್ಲ ನಿಲ್ಲಿಸಿ ಬೈದವಳು ನಾನು. "ಕೈಕಾಲು ಗಟ್ಟಿಯಿದೆ, ಇಳಿದು ಹೋಗಿ ತಗೊಂಡ್ರೆ ಏನು?" ಎಂದು ಬಾಗಿಲು ತೆಗೆದು ನಾನೇ ಹೊರಟೆ. ಕನ್ನಡಕಕ್ಕೆ ಮಂಜು ಕವಿಯಿತು. ಕಟ್ಟೆ ಎಡವಿದೆ. ಅಂಗಡಿಯವನು ಓಡಿ ಬಂದು ಕೈಹಿಡಿದು ಕಾರಿಗೆ ತಲುಪಿಸಿ ಚಹಾ ಕೊಟ್ಟು ಹೋದ. ನಾಲ್ಕನೆಯ ದಿನಕ್ಕೆ ನಾನೇ ಪಕ್ಕದಿಂದ ಕೈ ಚಾಚಿ ಹಾರ್ನ್ ಹೊಡೆಯುತ್ತಿದ್ದೆ.

ಆದರೆ ಪಾಠ ಮಾತ್ರ ಸಾಗಲಿಲ್ಲ. ಜೀವಮಾನವೆಲ್ಲ ನಿಂತು ಪಾಠ ಮಾಡಿದವಳಿಗೆ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು ಬೀಜಗಣಿತ ಹೇಳಲು ಬರುವುದಿಲ್ಲ. ಮಾತು ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ನಂದಿನಿಯದೂ ಒಂದೇ ತಪ್ಪು. ಭಿನ್ನರಾಶಿ ಕೂಡಿಸು ಅಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಡುತ್ತಿದ್ದಳು. ಅಕ್ಷರಗಳು ಬಂದರಂತೂ ಕಣ್ಣು ಮುಚ್ಚಿಕೊಂಡು ಕೂಡಿಸುತ್ತಿದ್ದಳು.

ಅಷ್ಟರಲ್ಲಿ ಒಂದು ದಿನ ಮಧ್ಯಾಹ್ನ ಧೂಳುಗಾಳಿ ಬೀಸಿತು. ಸಂಜೆ ಕಾರಿನ ಹಿಂದಿನ ಗಾಜಿನ ಮೇಲೆ ಗೋಧಿಹಿಟ್ಟಿನಂಥ ನಯವಾದ ಧೂಳು ಸಮನಾಗಿ ಕೂತಿತ್ತು. ಅಷ್ಟು ಒಳ್ಳೆಯ ಬೋರ್ಡು ನಮ್ಮ ಶಾಲೆಯಲ್ಲೂ ಇರಲಿಲ್ಲ. ನಾನು ಇಳಿದು ಹೋಗಿ ತೋರುಬೆರಳಿನಿಂದ ದೊಡ್ಡದಾಗಿ 1/2 + 1/4 ಎಂದು ಬರೆದೆ. "ನೋಡು!" ಅಂದೆ. ತಂಪಿನಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತಿದ್ದ ನಂದಿನಿ ಒಳಗಿನಿಂದ ಕತ್ತು ಓರೆ ಮಾಡಿ ನೋಡಿ, "ಅಕ್ಕಾ, ನೀನು ಅರಬ್ಬಿಯಲ್ಲಿ ಯಾವಾಗ ಬರೆಯಕ್ಕೆ ಕಲ್ತೆ?" ಎಂದಳು. ಅವಳಿಗೆ ಎಲ್ಲವೂ ಬಲದಿಂದ ಎಡಕ್ಕೆ ಕಂಡಿತ್ತು. ಎಳೆದು ಹೊರಗೆ ನಿಲ್ಲಿಸಿದೆ.

ಅವಳ ಕೈಯಲ್ಲಿ ಬೇಕರಿಯಿಂದ ತಂದ ಬಿಸಿ ಖುಬೂಸ್ ಇತ್ತು. ನಮ್ಮ ರೊಟ್ಟಿಯ ಹಾಗೆ ಅಲ್ಲಿನವರಿಗೆ ಅದು. "ಅದರಲ್ಲಿ ಅರ್ಧ ಮುರಿ" ಅಂದೆ. ಮುರಿದಳು. "ಇನ್ನೊಂದು ಕಾಲು ಅದಕ್ಕೆ ಸೇರಿಸು." ಸೇರಿಸಿದಳು. "ಈಗ ನಿನ್ನ ಲೆಕ್ಕದಲ್ಲಿ ಎಷ್ಟು ಬರತ್ತೆ?"

ಗಾಜಿನ ಮೇಲೆ 2/6 ಎಂದು ಬರೆದಳು. ಆಮೇಲೆ ಕೈಯಲ್ಲಿದ್ದ ಖುಬೂಸನ್ನು ನೋಡಿದಳು. ಗಾಜನ್ನು ನೋಡಿದಳು. "ಆರರಲ್ಲಿ ಎರಡು ಅಂದ್ರೆ ಮೂರರಲ್ಲಿ ಒಂದು. ಅರ್ಧಕ್ಕಿಂತ ಕಮ್ಮಿ" ಎಂದು ತನಗೇ ಹೇಳಿಕೊಂಡಳು. "ಅಲ್ಲ ಅಕ್ಕಾ, ಅರ್ಧ ಇಟ್ಕೊಂಡಿದ್ದವಳಿಗೆ ಇನ್ನೂ ಕಾಲು ಕೊಟ್ರೆ, ಇದ್ದಿದ್ದೂ ಕಡಿಮೆ ಆಯ್ತಾ? ಇದೆಂಥ ಮೋಸ!"

"ಮೋಸ ನಿನ್ನದೇ ಕಣೇ, ಖುಬೂಸಿನದ್ದಲ್ಲ."

ಅವಳು ಬೀದಿಯಲ್ಲಿ ನಿಂತು ಬಿದ್ದುಬಿದ್ದು ನಕ್ಕಳು. ಪಕ್ಕದ ಬಿಳಿಯ ದೊಡ್ಡ ಗಾಡಿಯ ಕಿಟಕಿ ಇಳಿಸಿ ಒಬ್ಬರು ನಮ್ಮನ್ನು ನೋಡಿ ಮತ್ತೆ ಏರಿಸಿಕೊಂಡರು. ಅಂದು ಮೊದಲ ಸಲ ನನಗೆ ಧೈರ್ಯ ಬಂತು. ಉತ್ತರ ಸರಿಯೋ ತಪ್ಪೋ ಎಂದು ಅವಳು ನನ್ನ ಮುಖ ನೋಡಿರಲಿಲ್ಲ, ತಾನೇ ಹಿಡಿದಿದ್ದಳು.

ಅಲ್ಲಿಂದ ಮುಂದೆ ಪಾಠವೆಲ್ಲ ಗಾಜಿನ ಮೇಲೆಯೇ ನಡೆಯಿತು. ಬೆವರು ಸುರಿಯುತ್ತಿದ್ದರೂ ಇಬ್ಬರಿಗೂ ಒಳಗೆ ಹೋಗಬೇಕೆನ್ನಿಸುತ್ತಿರಲಿಲ್ಲ. ಒಂದು ದಿನ ಪ್ರಕಾಶ ತನ್ನ ಕಾರು ಕೆಟ್ಟಿತೆಂದು ಇವಳದನ್ನು ಆಫೀಸಿಗೆ ಒಯ್ದು ಮುಖ ಊದಿಸಿಕೊಂಡು ಬಂದ. "ಅಕ್ಕ, ನೀವು ಏನಾದ್ರೂ ಹೇಳಿ, ಮ್ಯಾನೇಜರ್ ಮುಂದೆ ಮರ್ಯಾದೆ ಹೋಯ್ತು. ಪಾರ್ಕಿಂಗಲ್ಲಿ ನಿಂತು ಎಕ್ಸ್ ಎಷ್ಟು ಅಂತ ಕೇಳ್ತಾರೆ!"

"ಹೇಳಿದ್ರಾ?" ಎಂದು ನಂದಿನಿ ಕೇಳಿದಳು.

"ಹೇಳ್ದೆ. ತಪ್ಪು ಅಂದ್ರು."

ಇದಕ್ಕಿಂತ ನನಗೆ ಹಿಡಿಸಿದ್ದು ರಫೀಕನ ರೀತಿ. ರಫೀಕ ಬಾಂಗ್ಲಾದೇಶದವನು, ತಂಗಿಯ ಫ್ಲಾಟಿರುವ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಎಲ್ಲರ ಕಾರು ತೊಳೆಯುತ್ತಾನೆ. ಧೂಳುಗಾಳಿಯ ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕಾರು ಮದುವಣಗಿತ್ತಿಯಂತೆ ಥಳಥಳಿಸುತ್ತಿತ್ತು, ಹಿಂದಿನ ಗಾಜೊಂದನ್ನು ಬಿಟ್ಟು. ನಂದಿನಿ ವಿಚಾರಿಸಿದ್ದಕ್ಕೆ, "ಮೇಡಂ ಕಾ ಪಢಾಯಿ ಹೈ ನಾ. ಪೂರಾ ಹೋಗಾ ತೋ ಬೋಲೋ" ಎಂದ. ಓದು ನಡೆಯುತ್ತಿದೆಯಲ್ಲ, ಮುಗಿದಾಗ ಹೇಳಿ, ಒರೆಸುತ್ತೇನೆ ಎಂದು. ಅಂದಿನಿಂದ ಒಂದು ಒಪ್ಪಂದವಾಯಿತು. ಲೆಕ್ಕ ಸರಿಯಾಗಿ ಮುಗಿದರೆ ಮೂಲೆಯಲ್ಲಿ ನಾನೊಂದು ರೈಟು ಹಾಕುವುದು, ರೈಟು ಕಂಡರೆ ಅವನು ಒರೆಸುವುದು. ಒರೆಸಿದರೂ ಚಿಂತೆಯಿಲ್ಲ, ಎರಡು ದಿನದಲ್ಲಿ ಆ ಊರು ಹೊಸ ಧೂಳು ಕೊಡುತ್ತಿತ್ತು. ರೈಟು ಇಲ್ಲದ ದಿನ ರಫೀಕ ನಂದಿನಿಯನ್ನು ಕಂಡು ತಲೆಯಾಡಿಸಿ ನಿಟ್ಟುಸಿರು ಬಿಡುತ್ತಿದ್ದ. ನಮ್ಮ ಹೆಡ್‌ಮಾಸ್ಟರಿಗೂ ಅಷ್ಟು ಕಳಕಳಿ ಇರಲಿಲ್ಲ.

ಕಾಲೇಜು

ಪರೀಕ್ಷೆಯ ದಿನ ನಂದಿನಿಯ ಫೋನು, ಕೈಗಡಿಯಾರ, ಕೊನೆಗೆ ನನ್ನನ್ನೂ ಬಾಗಿಲಲ್ಲೇ ತಡೆದರು. "ಖಾಲಿ ಬಿಡಬೇಡ" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ನಿಧಾನ" ಎಂದಷ್ಟೇ ಅಂದೆ. ಅವಳು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು. ಕಾವಲಿನವನು ಏನೋ ಬಿದ್ದಿತೆಂದುಕೊಂಡು ತಾನೂ ಬಗ್ಗಿ ಹುಡುಕಿದ.

ಕಾಯುವ ಕೋಣೆಯಲ್ಲಿ ಕಪ್ಪು ಅಬಾಯಾ ತೊಟ್ಟ ಕತಾರಿ ಹೆಂಗಸೊಬ್ಬರು ಫ್ಲಾಸ್ಕು, ಖರ್ಜೂರದ ಡಬ್ಬಿ ಸಮೇತ ಕೂತಿದ್ದರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಸೆಂಟರಿನ ಹೊರಗೆ ಅಮ್ಮಂದಿರು ಕೂರುವುದೂ ಹೀಗೇ. ಕೈಸನ್ನೆಯಲ್ಲೇ ಕರೆದು ಪುಟ್ಟ ಬಟ್ಟಲಿಗೆ ಅವರ ಕಾಫಿ ಬಗ್ಗಿಸಿದರು. ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣವೂ ಇಲ್ಲ, ಏಲಕ್ಕಿಯ ಘಮ ಮಾತ್ರ. ಕುಡಿದು ಬಟ್ಟಲು ಮುಂದೆ ಚಾಚಿದೆ, ಮತ್ತೆ ತುಂಬಿದರು. ಚೆಲ್ಲಬಾರದೆಂದು ಅದನ್ನೂ ಕುಡಿದೆ, ಮತ್ತೆ ತುಂಬಿದರು. ಬೇಡವೆಂದರೆ ಬೇಸರವಾದೀತೆಂದು ಕುಡಿಯುತ್ತಲೇ ಹೋದೆ. ಎದೆ ಡವಡವ ಎನ್ನತೊಡಗಿದಾಗ ಅವರಿಗೇ ಕನಿಕರ ಬಂದು ನನ್ನ ಮಣಿಕಟ್ಟು ಹಿಡಿದು ಬಟ್ಟಲನ್ನು ಅಲುಗಾಡಿಸಿ ತೋರಿಸಿದರು. ಸಾಕು ಅನ್ನಬೇಕಾದರೆ ಹೀಗೆ ಅಲ್ಲಾಡಿಸಬೇಕಂತೆ.

ಒಳಗೆ ಅವರ ಮಗಳಿದ್ದಳು. ಹರಕುಮುರುಕು ಇಂಗ್ಲಿಷಿನಲ್ಲಿ ಇಬ್ಬರೂ ಮಾತಾಡಿದೆವು. ಮನೆಯ ಪರೀಕ್ಷೆಯ ಮಾತು ಬಂದಾಗ ಅವರು ಸುತ್ತ ನೋಡಿ ದನಿ ತಗ್ಗಿಸಿದರು: "ಹೋಂ ಟೆಸ್ಟ್, ಆಲ್ ಹೌಸ್ ಹೆಲ್ಪ್. ಬ್ರದರ್, ಅಂಕಲ್, ಎವ್ರಿಬಡಿ." ನಾನು ಅವರ ಕೈ ಹಿಡಿದುಕೊಂಡು ಎಷ್ಟು ನಕ್ಕೆನೆಂದರೆ, ಕಾವಲಿನವನು ಬಂದು ಸುಮ್ಮನಿರಿಸಿದ.

ಪರೀಕ್ಷೆ ಮುಗಿದು ಹುಡುಗರು ಒಬ್ಬೊಬ್ಬರಾಗಿ ಹೊರಬಂದರು. ನಂದಿನಿ ಬರಲಿಲ್ಲ. ಎದುರಿನ ಗಾಜಿನ ಕೋಣೆಯಲ್ಲಿ ಕಾಲೇಜಿನ ಅಧಿಕಾರಿಣಿಯೊಬ್ಬರ ಮುಂದೆ ಅವಳು ಕೂತಿರುವುದು ಕಂಡಿತು. ಮಾತು ಕೇಳುತ್ತಿರಲಿಲ್ಲ. ಆಕೆ ಪರದೆ ತೋರಿಸಿ ಏನೋ ಕೇಳುತ್ತಿದ್ದರು. ನಂದಿನಿ ತಲೆ ತಗ್ಗಿಸಿದಳು. ನಮ್ಮ ಎಂಬತ್ತಾರು ಅವಳ ಕೊರಳಿಗೆ ಉರುಲಾಯಿತು, ಮನೆಮಂದಿಯ ಪ್ರೀತಿಯೇ ಅವಳ ಸಂಜೆ ಕಾಲೇಜನ್ನು ಕಸಿದುಕೊಂಡಿತು ಎಂದು ನಿಂತಲ್ಲೇ ಅತ್ತುಬಿಟ್ಟೆ. ಗಾಜಿನಾಚೆ ನಂದಿನಿ ತಲೆ ಎತ್ತಿ ಒಂದೇ ಒಂದು ಮಾತು ಹೇಳಿದಳು. ಅಧಿಕಾರಿಣಿ ಕುರ್ಚಿಗೆ ಒರಗಿ ಗಟ್ಟಿಯಾಗಿ ನಕ್ಕರು.

ಕಾರಿನೊಳಗೆ ಕೂತ ಮೇಲೆಯೇ ಅವಳು ಬಾಯಿ ಬಿಟ್ಟಳು. "ನಲವತ್ತೊಂಬತ್ತು" ಅಂದಳು. "ಎಂಬತ್ತಾರು ಇದ್ದಿದ್ದು ಹೆಂಗೆ ಇಷ್ಟು ಇಳೀತು ಅಂತ ಕೇಳಿದ್ರು ಅಕ್ಕಾ."

"ನೀನೇನಂದೆ?"

"ದಟ್ ವಾಸ್ ಮೈ ಫ್ಯಾಮಿಲಿ, ಮೇಡಂ. ದಿಸ್ ಈಸ್ ಮಿ ಅಂದೆ."

ಆಮೇಲೆ ಅವಳೇ ಮೆಲ್ಲಗೆ ಸೇರಿಸಿದಳು: "ಬೈಬೇಡ ಆಯ್ತಾ? ಆ ಗುಂಡಿ ಬಹಳ ಸಲ ಒತ್ತಿದೆ. ಬರದೇ ಇದ್ದಿದ್ದಕ್ಕೆ ಬರಲ್ಲ ಅಂತಲೇ ಒತ್ತಿದೆ. ಆಮೇಲೆ ಅದು ನಂಗೆ ಬರೋದನ್ನೇ ಕೇಳ್ತು." ಬೈಯುವುದೇನು, ಮೈಸೂರಿನಿಂದ ನಾನು ಹೊತ್ತು ತಂದ ಉಪದೇಶವನ್ನು ಅವಳು ಪಾಲಿಸದೆ ಇದ್ದದ್ದೇ ಒಳ್ಳೆಯದಾಯಿತು. ಕೈ ಚಾಚಿ ಹಾರ್ನ್ ಹೊಡೆದೆ. ಎದುರಿಗೆ ಚಹಾ ಅಂಗಡಿ ಇರಲಿಲ್ಲ, ಸುಮ್ಮನೆ ಸಂತೋಷಕ್ಕೆ ಹೊಡೆದೆ.

ಹೊರಡುವ ಬೆಳಿಗ್ಗೆ

ಪೆಟ್ಟಿಗೆ ಎಳೆದುಕೊಂಡು ಪಾರ್ಕಿಂಗಿಗೆ ಇಳಿದಾಗ ಹಿಂದಿನ ಗಾಜಿನ ತುಂಬ ಒಂದು ಹೊಸ ಲೆಕ್ಕ ಇತ್ತು. ನನ್ನ ಅಕ್ಷರವಲ್ಲ. ಪರೀಕ್ಷೆಯಲ್ಲಿ ಗುಂಡಿ ಒತ್ತಿ ಬಿಟ್ಟುಬಂದ ಲೆಕ್ಕಗಳಲ್ಲಿ ನೆನಪಿದ್ದ ಒಂದನ್ನು ನಂದಿನಿ ಬರೆದಿಟ್ಟಿದ್ದಳು. ನನ್ನ ಬೆರಳು ತುರಿಸತೊಡಗಿತು.

"ವಿಮಾನಕ್ಕೆ ಇನ್ನೂ ಹೊತ್ತಿದೆ. ಹೇಳಿಕೊಡಲಾ?" ಅಂದೆ.

"ಬೇಡ ಅಕ್ಕಾ. ಭಾನುವಾರದಿಂದ ಕ್ಲಾಸಿದೆಯಲ್ಲ, ಅವರು ಹೇಳ್ಕೊಡ್ತಾರೆ" ಎಂದಳು. ನನಗೆ ಸ್ವಲ್ಪ ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ.

ರಫೀಕ ಒದ್ದೆ ಬಟ್ಟೆ ಹಿಡಿದು ಬಂದ. ಪರೀಕ್ಷೆಯ ಸುದ್ದಿ ಅವನಿಗೆ ಆಗಲೇ ತಲುಪಿತ್ತು, ಮುಖ ಅರಳಿತ್ತು. ಗಾಜಿನ ಮೂಲೆಯಲ್ಲಿ ರೈಟು ಹುಡುಕಿದ, ಕಾಣಲಿಲ್ಲ. ಬಟ್ಟೆ ಎತ್ತಿಕೊಂಡೇ ಕೇಳಿದ: "ಮೇಡಂ, ಎಕ್ಸಾಮ್ ತೋ ಹೋ ಗಯಾ. ಪಢಾಯಿ ಖಲಾಸ್?"

"ಮಾಫಿ ಖಲಾಸ್, ಭಾಯ್" ಎಂದಳು ನನ್ನ ತಂಗಿ. "ಯೇ ಅಭೀ ತಕ್ ನಹೀ ಸೀಖಾ."

ಮುಗಿದಿಲ್ಲ, ಇದನ್ನು ಇನ್ನೂ ಕಲಿತಿಲ್ಲ. ರಫೀಕ ತಲೆಯಾಡಿಸಿ ಬಟ್ಟೆ ಕೆಳಗಿಳಿಸಿದ, ಬಾಗಿಲುಗಳನ್ನಷ್ಟೇ ಒರೆಸಿದ. ಆ ಲೆಕ್ಕವನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕಾರು ನನ್ನನ್ನು ವಿಮಾನ ನಿಲ್ದಾಣಕ್ಕೆ ತಲುಪಿಸಿತು.